ಗೋಡಂಬಿಯನ್ನು ಬಿಟ್ಟ ರಕ್ತಪರೀಕ್ಷೆ

ನನ್ನ ಮಗಳಿಗೆ ಗೋಡಂಬಿ ಆಗುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಅವಳೇ ತನ್ನ ಆರನೆಯ ವಯಸ್ಸಿನಲ್ಲಿ ಸ್ಪಷ್ಟವಾದ ಮಾತಿನಲ್ಲಿ ಹೇಳಿದ್ದಳು. ಅದನ್ನು ಒಪ್ಪಿಕೊಳ್ಳಲು ದೊಡ್ಡವರಿಗೆ ಅವಳ ರಕ್ತ ಬೇಕಾಯಿತು. ಅದೂ ಒಂದು ಸಲ ಸಾಲಲಿಲ್ಲ. ಎರಡು ಸಲದ ನಡುವೆ ಅವಳ ಉಸಿರು ನಿಲ್ಲುವ ಹಂತಕ್ಕೆ ಹೋಗಿ ಬಂತು. ಆ ದಿನಗಳ ಬಗ್ಗೆ ಬರೆಯುವಾಗ ಸ್ವಲ್ಪ ಮೆದುವಾಗಿ ಬರೆಯಬೇಕೆಂದು ಹಿತೈಷಿಗಳು ಸಲಹೆ ಕೊಡುತ್ತಾರೆ. ಮೆದುವಾಗಲು ನನಗೆ ಕಾರಣ ಕಾಣುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಮಕ್ಕಳು ಮೇಷ್ಟರ ತಪ್ಪನ್ನೂ ಎದ್ದು ನಿಂತು ಹೇಳಬಹುದಿತ್ತು. ಹಾಗೆ ಹೇಳುವುದನ್ನು ಅವಿನಯವೆಂದು ಅಲ್ಲಿ ಯಾರೂ ಭಾವಿಸುತ್ತಿರಲಿಲ್ಲ. ಆ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾವಾಗ ಜಾಲಹಳ್ಳಿಯಲ್ಲಿ ನನ್ನ ಅಮ್ಮನ ಮನೆಯಲ್ಲಿದ್ದೆವು. ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ಅಪ್ಪ ಕಟ್ಟಿಸಿದ, ಮುಂದೆ ಒಂದು ಸಂಪಿಗೆ ಗಿಡವಿದ್ದ ಮನೆ. ಗಂಡ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ನಾನು ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದೆ. ನಾಗಸಂದ್ರದವರೆಗೆ ಮೆಟ್ರೊ ಓಡಲು ತೊಡಗಿದ್ದ ಹೊಸತು. ಕಾರ್ಖಾನೆಗಳ ಗೇಟಿನಲ್ಲಿ ಕರಪತ್ರ ಹಂಚಿ, ಕಂಬಗಳ ನೆರಳಲ್ಲೇ ನಡೆದು ಮನೆಗೆ ಬರುತ್ತಿದ್ದೆ.

ನಮ್ಮಂಥ ಮನೆಗಳಲ್ಲಿ ಪ್ರೀತಿ ತೋರಿಸುವ ಒಂದು ಕ್ರಮವಿದೆ. ಪೊಂಗಲ್ ಇರಲಿ, ಕೇಸರಿಬಾತ್ ಇರಲಿ, ಪಾಯಸ ಇರಲಿ, ದೊಡ್ಡವರು ತಮ್ಮ ತಟ್ಟೆಗೆ ಬಿದ್ದ ಗೋಡಂಬಿಯನ್ನು ಆರಿಸಿ ಮಕ್ಕಳ ತಟ್ಟೆಗೆ ಹಾಕುತ್ತಾರೆ. ನನ್ನ ಅಜ್ಜಿ ನನಗೆ ಹಾಕಿದ್ದಳು, ಅಮ್ಮ ನನ್ನ ಮಗಳಿಗೆ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಪೊಂಗಲ್ ತಿನ್ನುವಾಗ ಮಗಳು ಅಜ್ಜಿ ಹಾಕಿದ ಗೋಡಂಬಿಗಳನ್ನು ತಟ್ಟೆಯ ಅಂಚಿಗೆ ಸರಿಸಿದಳು. ನಾಲಿಗೆ ಚುಚ್ಚುತ್ತದೆ ಎಂದಳು. ಅಮ್ಮ ನಕ್ಕುಬಿಟ್ಟಳು.

"ಗೋಡಂಬಿ ಬೇಡ ಅನ್ನೋ ಮಗೂನ ನಾನೆಲ್ಲೂ ಕಂಡಿಲ್ಲ ಕಣೇ. ಇದು ಯಾವುದೋ ಅರಮನೇಲಿ ಹುಟ್ಟಬೇಕಾಗಿದ್ದು, ದಾರಿ ತಪ್ಪಿ ಜಾಲಹಳ್ಳಿಗೆ ಬಂದಿದೆ."

ಅಜ್ಜಿಯ ಮನಸ್ಸಿಗೆ ನೋವಾಗಬಾರದೆಂದು ಮಗು ಎರಡು ಚೂರು ತಿಂದಳು. ತಟ್ಟೆ ತೊಳೆಯುವ ಹೊತ್ತಿಗೆ ಕೆಳತುಟಿ ಊದಿಕೊಂಡಿತ್ತು, ಕುತ್ತಿಗೆಯ ತುಂಬ ಕೆಂಪು ದದ್ದು. ಬಡಾವಣೆಯ ವೈದ್ಯರು ನಾಲಿಗೆ ನೋಡಿ, ಹೊಟ್ಟೆ ಮುಟ್ಟಿ, ಉಷ್ಣವಾಗಿದೆ, ಎಳನೀರು ಕೊಡಿ ಎಂದರು. ಗೋಡಂಬಿ ತಿಂದ ಮೇಲೆ ಹೀಗಾಯಿತೆಂದು ನಾನು ಹೇಳಿದೆ. ಅವರು ನನ್ನ ಕಡೆ ನೋಡದೆ ಅಮ್ಮನಿಗೆ ಹೇಳಿದರು: "ಈಗಿನ ತಾಯಂದ್ರು ಇಂಟರ್ನೆಟ್ ನೋಡ್ಕೊಂಡೇ ಬಂದ್ಬಿಡ್ತಾರೆ." ನಾನು ಏನನ್ನೂ ನೋಡಿಕೊಂಡು ಹೋಗಿರಲಿಲ್ಲ. ಕಣ್ಣೆದುರು ನಡೆದದ್ದನ್ನು ಹೇಳಿದ್ದೆ. ತಾಯಿ ಕಂಡದ್ದನ್ನು ಆತಂಕವೆಂದು ಕರೆದು ಬದಿಗೆ ಸರಿಸುವುದು ಈ ಕತೆಯ ಮೊದಲ ತಪ್ಪು. ಉಳಿದ ತಪ್ಪುಗಳೆಲ್ಲ ಇದರ ಮೇಲೆಯೇ ಕಟ್ಟಿಕೊಂಡವು.

ಎರಡನೆಯ ಸಲ ಆದದ್ದು ಆಯುಧಪೂಜೆಯ ಸಂಜೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಅಂದು ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕೆಲಸಗಾರರಿಗೆಲ್ಲ ಸ್ವೀಟ್ ಬಾಕ್ಸ್ ಹಂಚುತ್ತಾರೆ. ಗಂಡ ತಂದ ಬಾಕ್ಸಿನಲ್ಲಿ ಬಿಳಿಯ ಬರ್ಫಿ ಇತ್ತು. ಹಾಲಿನದೆಂದು ಅವನೇ ಒಂದು ತುಂಡು ಮುರಿದು ಮಗಳಿಗೆ ಕೊಟ್ಟ. ಅದು ಗೋಡಂಬಿಯದು. ಬಾಕ್ಸಿನ ಮುಚ್ಚಳದ ಮೇಲೆ ಅಂಗಡಿಯ ಹೆಸರು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು; ಒಳಗಿರುವ ತಿಂಡಿ ಯಾವುದರಿಂದ ಮಾಡಿದ್ದೆಂದು ಒಂದಕ್ಷರವೂ ಇರಲಿಲ್ಲ. ಈ ಸಲ ದದ್ದಿನ ಜೊತೆ ವಾಂತಿಯೂ ಆಯಿತು. ವೈದ್ಯರು ಆಗ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಬರೆದದ್ದು ಇಷ್ಟೇ: ನಟ್ಸ್ ಅಲರ್ಜಿ.

ದಾಸರಹಳ್ಳಿಯ ಮುಖ್ಯರಸ್ತೆಯಲ್ಲಿದ್ದ ಲ್ಯಾಬಿಗೆ ಬೆಳಿಗ್ಗೆಯೇ ಹೋದೆವು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಫೋನಿನಲ್ಲಿ ಹೇಳಿದ್ದರು. ಅಲರ್ಜಿಯ ರಕ್ತಪರೀಕ್ಷೆಗೆ ಉಪವಾಸ ಬೇಕಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಯವರಿಗೆ ಹೇಳುವುದನ್ನೇ ಎಲ್ಲರಿಗೂ ಹೇಳುವುದು ಅವರ ಪದ್ಧತಿ. ಕಾರ್ಖಾನೆಗೆ ಸೇರುವ ಮುನ್ನ ಮೆಡಿಕಲ್ ಮಾಡಿಸಿಕೊಳ್ಳಲು ಬಂದಿದ್ದ ಯುವಕರ ಸಾಲಿನ ಹಿಂದೆ, ನೀರು ಕುಡಿಯಲೂ ಹೆದರಿಕೊಂಡು ಮಗಳು ಕುಳಿತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಕೈಗಳು ತಣ್ಣಗಾಗಿ ನರ ಸಿಗಲಿಲ್ಲ. ಎರಡು ಕಡೆ ಚುಚ್ಚಿದರು. ಅವಳು ಅಳಲಿಲ್ಲ, ಮುಖ ತಿರುಗಿಸಿಕೊಂಡು ನನ್ನ ಚೂಡಿದಾರದ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

ಕೌಂಟರಿನಲ್ಲಿದ್ದ ಹುಡುಗಿಗೆ ನಾನು ಸ್ಪಷ್ಟವಾಗಿ ಹೇಳಿದೆ: ನಮಗೆ ಅನುಮಾನವಿರುವುದು ಗೋಡಂಬಿಯ ಮೇಲೆ.

"ಎಲ್ಲಾ ನಟ್ಸೂ ಇದ್ರಲ್ಲೇ ಬರುತ್ತೆ ಮೇಡಂ. ಕಾಂಬೊ ಇದು," ಎಂದಳು ಅವಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕಲಿಸಿದ್ದನ್ನು ಅವಳು ಹೇಳಿದಳು. ಕಲಿಸಿದವರ ಮೇಲೆ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ವರದಿ ಬಂತು. ನಟ್ಸ್: ನೆಗೆಟಿವ್. ಅಷ್ಟೇ ಇದ್ದದ್ದು, ಕೆಳಗೆ ಯಾರದೋ ಸಹಿ. ಬಡಾವಣೆಯ ವೈದ್ಯರು ಏನೂ ಇಲ್ಲ, ಧಾರಾಳವಾಗಿ ತಿನ್ನಲಿ ಎಂದರು. ಅಮ್ಮನಿಗೆ ಸಮಾಧಾನವಾಯಿತು. ಮಗಳು ಮಾತ್ರ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಆದ್ರೆ ಚುಚ್ಚುತ್ತಲ್ಲ," ಎಂದಳು. ಬೇಡವೆನಿಸಿದ್ದನ್ನು ತಿನ್ನಬೇಡ ಎಂದು ನಾನು ಅವಳಿಗೆ ಹೇಳಿದೆ. ಮನೆಯೊಳಗೆ ಅಷ್ಟು ಸಾಕಾಗಿತ್ತು. ಮನೆಯ ಹೊರಗೆ ಸಾಕಾಗಲಿಲ್ಲ.

ಇಲ್ಲಿ ಅವಳ ಶಾಲೆಯ ಬಗ್ಗೆ ಹೇಳಬೇಕು. ಜಾಲಹಳ್ಳಿಗೂ ದಾಸರಹಳ್ಳಿಗೂ ನಡುವೆ, ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ನಮ್ಮಂಥ ಕೆಲವರು ಸೇರಿ ಕಟ್ಟಿದ ಶಾಲೆ ಅದು. ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದು ಒಂದೊಂದು ಕೋಣೆಯಲ್ಲಿ ಬದುಕುವವರ ಮಕ್ಕಳೂ, ಕಾರ್ಖಾನೆ ಬಡಾವಣೆಗಳ ಅಧಿಕಾರಿಗಳ ಮಕ್ಕಳೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಅದನ್ನು ನಡೆಸುತ್ತಿದ್ದ ಹಿರಿಯ ಮಹಿಳೆಯನ್ನು ಮಕ್ಕಳೂ ಪೋಷಕರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ನನ್ನನ್ನು ಮೊದಲ ಸಲ ಮೆರವಣಿಗೆಗೆ ಕರೆದುಕೊಂಡು ಹೋದವರು ಅವರು.

ಶಾಲೆಯ ಜೀವಾಳವಿದ್ದದ್ದು ಮಧ್ಯಾಹ್ನದ ಪಂಕ್ತಿಯಲ್ಲಿ. ಅಡುಗೆ ಅಲ್ಲೇ ಆಗುತ್ತಿತ್ತು, ಎಲ್ಲರೂ ಅದನ್ನೇ ಉಣ್ಣಬೇಕು. ಮನೆಯಿಂದ ಡಬ್ಬಿ ತರುವಂತಿಲ್ಲ. ಅಡುಗೆ ಮಾಡುತ್ತಿದ್ದ ಅಕ್ಕ ಯಾದಗಿರಿ ಕಡೆಯ ದಲಿತ ಮಹಿಳೆ. ಶಾಲೆ ಶುರುವಾದ ಹೊಸತರಲ್ಲಿ ಕೆಲವು ಮನೆಗಳವರು ಮಗುವಿಗೆ ಗ್ಯಾಸ್ಟ್ರಿಕ್, ಹೊರಗಿನ ಎಣ್ಣೆ ಆಗುವುದಿಲ್ಲ, ಡಾಕ್ಟರ್ ಬೇಡವೆಂದಿದ್ದಾರೆ ಎಂದೆಲ್ಲ ಹೇಳಿಕೊಂಡು ಡಬ್ಬಿ ಕಳಿಸುತ್ತಿದ್ದರು. ಹೊಟ್ಟೆಯ ಹೆಸರಿನಲ್ಲಿ ಜಾತಿಯೇ ಮಾತಾಡುತ್ತಿತ್ತು. ಅದಕ್ಕಾಗಿಯೇ ಡಬ್ಬಿ ಬೇಡವೆಂಬ ನಿಯಮ ಬಂದದ್ದು. ಆ ನಿಯಮ ಮಾಡಿದವರಲ್ಲಿ ನಾನೂ ಇದ್ದೆ. ಅದು ನ್ಯಾಯವಾದ ನಿಯಮವೆಂದು ಇವತ್ತೂ ಹೇಳುತ್ತೇನೆ.

ದಿನನಿತ್ಯದ ಸಾರು, ಪಲ್ಯ, ಅನ್ನದಲ್ಲಿ ಗೋಡಂಬಿ ಇರುತ್ತಿರಲಿಲ್ಲ. ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ತರುವ ಬದಲು ಆ ಮನೆಯವರು ಇಡೀ ಪಂಕ್ತಿಗೆ ಪಾಯಸದ ಸಾಮಾನು ಕೊಡುವ ಪದ್ಧತಿಯಿತ್ತು. ಅಂಥ ದಿನ ಮಗಳಿಗೆ ಪಾಯಸ ಬಡಿಸಬೇಡಿ ಎಂದು ನಾನು ದೊಡ್ಡಕ್ಕನನ್ನು ಕೇಳಿಕೊಂಡೆ.

"ನಿನಗೂ ಬಂತಾ ಈ ಕಾಯಿಲೆ?" ಎಂದರು.

ಯಾವ ಕಾಯಿಲೆಯೆಂದು ನನಗೆ ಅರ್ಥವಾಯಿತು. ಮೈ ಉರಿದುಹೋಯಿತು. ನಾನು ಹುಟ್ಟಿದ ಜಾತಿಯನ್ನು ಅವರು ಅಷ್ಟು ವರ್ಷಗಳಲ್ಲಿ ಒಂದು ಸಲವೂ ಎತ್ತಿರಲಿಲ್ಲ. ಈಗ ಎತ್ತದೆಯೇ ಎತ್ತಿದ್ದರು. ಡಾಕ್ಟರ ವರದಿ ತಂದರೆ ನೋಡೋಣ ಎಂದರು. ವರದಿ ತಂದು ಕೊಟ್ಟೆ, ಏಕೆಂದರೆ ಮುಚ್ಚಿಡುವುದು ನನ್ನ ಸ್ವಭಾವವಲ್ಲ. ವರದಿ ಏನೇ ಹೇಳಲಿ, ಮಗು ತಿಂದಾಗ ತುಟಿ ಊದಿದ್ದನ್ನು ನಾನು ಕಂಡಿದ್ದೇನೆ ಎಂದೂ ಹೇಳಿದೆ. ಅವರು ಕನ್ನಡಕ ಏರಿಸಿ ಓದಿ ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

"ನೆಗೆಟಿವ್ ಅಂತ ಇದೆಯಲ್ಲ. ಇನ್ನೇನು? ಗ್ಯಾಸ್ಟ್ರಿಕ್ ಅಂದ ತಾಯಂದ್ರಿಗೆ ನಾನೂ ನೀನೂ ಕೂತು ಏನ್ ಹೇಳಿದ್ವಿ, ಮರೆತೆಯಾ? ಇವತ್ತು ನಿನ್ನ ಮಗೂನ ಬಿಟ್ರೆ ನಾಳೆ ಅವ್ರೆಲ್ಲಾ ಬಂದು ಕೇಳ್ತಾರೆ. ಆಗ ನಾನು ಯಾವ ಮುಖ ಇಟ್ಕೊಂಡು ಬೇಡ ಅನ್ಲಿ?"

ಆ ಪ್ರಶ್ನೆ ಪೂರ್ತಿ ಅನ್ಯಾಯದ್ದಾಗಿರಲಿಲ್ಲ. ಸುಳ್ಳು ಕಾಯಿಲೆಗಳನ್ನು ಹೇಳಿಕೊಂಡು ಬಂದ ಆ ಮನೆಗಳವರು ನಿಜವಾದ ಕಾಯಿಲೆಯನ್ನು ಯಾರೂ ನಂಬದಂತೆ ಮಾಡಿಟ್ಟಿದ್ದರು. ತಮ್ಮ ಮಡಿಯನ್ನು ಕಾಪಾಡಿಕೊಳ್ಳಲು ಅವರು ವೈದ್ಯಕೀಯದ ಮಾತನ್ನು ಬಳಸಿ ಸವೆಸಿದರು. ನನ್ನ ಮಗಳಿಗೆ ಆ ಮಾತು ಬೇಕಾದಾಗ ಅದಕ್ಕೆ ಬೆಲೆಯೇ ಉಳಿದಿರಲಿಲ್ಲ. ಅವರನ್ನು ನಾನು ಈ ಕತೆಯಿಂದ ಹೊರಗೆ ಬಿಡಲಾರೆ. ಆದರೆ ದೊಡ್ಡಕ್ಕನನ್ನೂ ಬಿಡಲಾರೆ. ಒಂದು ತತ್ವ ಎಷ್ಟೇ ದೊಡ್ಡದಾಗಿರಲಿ, ಎದುರಿಗಿರುವ ಮಗು ಬೇಡ ಎಂದದ್ದನ್ನು ಕೇಳಿಸಿಕೊಳ್ಳದಿದ್ದರೆ ಅದು ದಬ್ಬಾಳಿಕೆಯೇ.

ಮಗಳ ಉಸಿರು ಕಟ್ಟಿದ ಆ ದಿನ ಕಾರ್ಖಾನೆ ಬಡಾವಣೆಯ ಒಬ್ಬ ಹುಡುಗಿಯ ಹುಟ್ಟುಹಬ್ಬ. ಅವರ ಮನೆಯವರು ಬೇಳೆ, ಬೆಲ್ಲದ ಜೊತೆ ಗೋಡಂಬಿಯ ಒಂದು ದೊಡ್ಡ ಪೊಟ್ಟಣವನ್ನೂ ಕಳಿಸಿದ್ದರು. ಪಾಯಸ ಗಟ್ಟಿಯಾಗಿ ರುಚಿಯಾಗಲೆಂದು ಅಡುಗೆಯ ಅಕ್ಕ ಅದನ್ನು ನೆನೆಸಿ ರುಬ್ಬಿ ಸೇರಿಸಿದರು. ಆರಿಸಿ ಪಕ್ಕಕ್ಕಿಡಲು ಒಂದು ಚೂರೂ ಕಣ್ಣಿಗೆ ಕಾಣುವಂತಿರಲಿಲ್ಲ. ಮಗಳು ಒಂದು ತೊಟ್ಟು ನಾಲಿಗೆಗಿಟ್ಟುಕೊಂಡು ಲೋಟವನ್ನು ಕೆಳಗಿಟ್ಟಳಂತೆ. ಬಡಿಸುತ್ತಿದ್ದ ಶಿಕ್ಷಕಿ, ನಿನ್ನ ಗೆಳತಿಯ ಹುಟ್ಟುಹಬ್ಬವಲ್ಲವೇ, ಒಂದೇ ಒಂದು ಚಮಚ ಎಂದು ಬಾಯಿಗಿಟ್ಟರಂತೆ. ಅಜ್ಜಿಯ ಮನಸ್ಸು ನೋಯಬಾರದೆಂದು ತಿಂದ ಮಗು ಗೆಳತಿಯ ಮನಸ್ಸೂ ನೋಯಬಾರದೆಂದು ನುಂಗಿದಳು.

ನಾನು ಪೀಣ್ಯದಲ್ಲಿ ಒಂದು ಕಾರ್ಖಾನೆಯ ಗೇಟಿನ ಮುಂದೆ ಊಟದ ಬಿಡುವಿನ ಸಭೆಯಲ್ಲಿದ್ದೆ. ಫೋನಿನಲ್ಲಿ ದೊಡ್ಡಕ್ಕನ ದನಿ ಕೇಳಿ ಯಾರದೋ ದನಿಯೆಂದುಕೊಂಡೆ. ಆಟೊದಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಹಿಂದಿನಿಂದ ಬರುತ್ತಿದ್ದ ಸದ್ದು ನನ್ನ ಮಗಳ ಉಸಿರಿನದು. ಗರಗಸ ಎಳೆದಂತೆ ಬರುತ್ತಿತ್ತು.

ಆಸ್ಪತ್ರೆಯ ತುರ್ತು ವಿಭಾಗದ ವೈದ್ಯೆ ನೋಡಿದ ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರಿಂದ ಮಗು ಉಳಿಯಿತು. ನಾನು ತಲುಪುವಾಗ ಮುಖ ಇನ್ನೂ ಊದಿತ್ತು, ಕಣ್ಣು ಗೆರೆಯಾಗಿದ್ದವು, ಆದರೆ ಉಸಿರು ಸುಲಭವಾಗಿತ್ತು. ಕಾರಿಡಾರಿನ ಬೆಂಚಿನಲ್ಲಿ ದೊಡ್ಡಕ್ಕ ತಲೆ ತಗ್ಗಿಸಿ ಕೂತಿದ್ದರು. ಅವರ ಸೀರೆಯ ಮೇಲೆಲ್ಲ ಮಗುವಿನ ವಾಂತಿ. ಅಡುಗೆಯ ಅಕ್ಕ ಮುಂಗೈಗೆ ಅಂಟಿದ ಬೆಲ್ಲವನ್ನೂ ತೊಳೆಯದೆ ಓಡಿ ಬಂದಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಹುಟ್ಟಿದ ದಿನದ ಪಾಯಸ, ಚಲೋ ಆಗ್ಲಿ ಅಂತ ರುಬ್ಬಿ ಹಾಕಿದ್ನ್ರೀ ಅಕ್ಕಾರ. ನಾ ಮಾಡಿದ್ದಂತ ಉಣ್ಣವಲ್ದು ಕೂಸು, ಅನ್ಕೊಂಡಿದ್ದೆ."

ಅವರ ಕೈ ಹಿಡಿದುಕೊಂಡೆ. ನನ್ನ ಮಗಳು ಲೋಟವನ್ನು ಕೆಳಗಿಟ್ಟಾಗ ಆ ಹೆಂಗಸಿನ ಎದೆಗೆ ಬಿದ್ದ ಪೆಟ್ಟು ಎಂಥದೆಂದು ಆವರೆಗೆ ನಾವು ಯಾರೂ ಯೋಚಿಸಿರಲಿಲ್ಲ. ಯಾವುದನ್ನು ಬೇಡ ಎನ್ನುತ್ತಿದ್ದೇವೆಂದು ಅವರಿಗೆ ನೇರವಾಗಿ ಯಾರೂ ಹೇಳಿರಲಿಲ್ಲ. ನಾನೂ ದೊಡ್ಡಕ್ಕನೂ ನಿಯಮದ ಬಗ್ಗೆ ವಾದ ಮಾಡಿದ್ದೆವು. ಒಲೆಯ ಮುಂದೆ ನಿಂತವರಿಗೆ ಗೋಡಂಬಿ ಎಂಬ ಪದವೇ ತಲುಪಿರಲಿಲ್ಲ.

ವೈದ್ಯೆ ಹಳೆಯ ವರದಿ ನೋಡಿದರು. ಯಾವ ಯಾವ ನಟ್ಸ್ ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿದರು. ಎಲ್ಲವೂ ಎಂದೆ.

"ಎಲ್ಲಾ ಅಂದ್ರೆ ಯಾವ್ಯಾವುದು? ಲ್ಯಾಬಿನವರನ್ನ ಕೇಳಿ ನೋಡಿ," ಎಂದರು.

ಕೇಳಲು ಹೋದೆ. ದಾಸರಹಳ್ಳಿಯ ಕೌಂಟರಿನವರಿಗೆ ಗೊತ್ತಿರಲಿಲ್ಲ, ರಕ್ತವನ್ನು ಕಳಿಸಿಕೊಡುವುದಷ್ಟೇ ಅವರ ಕೆಲಸ. ಮುಖ್ಯ ಕಚೇರಿಗೆ ಫೋನು ಮಾಡಿದರೆ ಇನ್ನೊಬ್ಬರನ್ನು ಕೇಳಿ ಎಂದರು, ಇನ್ನೊಬ್ಬರು ಮೇಲ್ ಹಾಕಿ ಎಂದರು. ನಾನು ಮೇಲ್ ಹಾಕಲಿಲ್ಲ. ಕಚೇರಿಗೇ ಹೋಗಿ ಕೂತೆ. ಧರಣಿ ಕೂರುವುದು ನನಗೆ ಹೊಸತಲ್ಲ. ಕೊನೆಗೆ ಟೈ ಎಂಬ ಕಂಠಕೌಪೀನ ಕಟ್ಟಿದ ಮ್ಯಾನೇಜರೊಬ್ಬರು ಹೊರಗೆ ಬಂದು, ಕಂಪ್ಯೂಟರ್ ನೋಡಿ ಬಂದಿದ್ದರೆಂದು ಕಾಣುತ್ತದೆ, ಬಾಯಿಪಾಠ ಒಪ್ಪಿಸಿದಂತೆ ಹೇಳಿದರು: ಕಡಲೆಕಾಯಿ, ಬಾದಾಮಿ, ತೆಂಗಿನಕಾಯಿ, ಹೇಝಲ್‌ನಟ್, ಬ್ರೆಜಿಲ್‌ನಟ್.

ಗೋಡಂಬಿ?

"ಗೋಡಂಬಿ ಈ ಮಿಕ್ಸ್‌ನಲ್ಲಿ ಬರಲ್ಲ ಮೇಡಂ. ಬೇಕಾಗಿದ್ರೆ ಸಪರೇಟಾಗಿ ಕೇಳ್ಬೇಕಿತ್ತು."

ಆ ಪಟ್ಟಿಯನ್ನು ಓದುಗರು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಕಡಲೆಕಾಯಿ ಮರದಲ್ಲಿ ಬಿಡುವುದಿಲ್ಲ, ನೆಲದೊಳಗೆ ಬೆಳೆಯುತ್ತದೆ. ತೆಂಗಿನಕಾಯಿಯನ್ನು ನನ್ನ ಮಗಳು ಹಲ್ಲು ಬಂದಾಗಿನಿಂದ ದಿನವೂ ತಿಂದಿದ್ದಾಳೆ. ಹೇಝಲ್‌ನಟ್, ಬ್ರೆಜಿಲ್‌ನಟ್ ಎಂಬವನ್ನು ದಾಸರಹಳ್ಳಿಯ ಯಾವ ದಿನಸಿ ಅಂಗಡಿಯೂ ಆ ಕಾಲದಲ್ಲಿ ಮಾರುತ್ತಿರಲಿಲ್ಲ. ನಾನು ಇವತ್ತಿಗೂ ಬ್ರೆಜಿಲ್‌ನಟ್ ಕಣ್ಣಲ್ಲಿ ಕಂಡಿಲ್ಲ. ಕೋಲಾರದ ಕಡೆಯಲ್ಲೂ ಕರಾವಳಿಯಲ್ಲೂ ಬೆಳೆಯುವ, ನಮ್ಮ ಪ್ರತಿ ಹಬ್ಬದ ಪ್ರತಿ ಪಾತ್ರೆಗೂ ಬೀಳುವ ಗೋಡಂಬಿ ಮಾತ್ರ ಅದರಲ್ಲಿಲ್ಲ. ಇನ್ನೆಲ್ಲೋ ಇನ್ಯಾರದೋ ಊಟದ ಮೇಜಿಗೆಂದು ಮಾಡಿದ ಪರೀಕ್ಷೆಯನ್ನು ತಂದು, ಅದರ ಮೇಲೆ ನಟ್ಸ್ ಎಂದು ಒಂದೇ ಪದ ಬರೆದು, ಪೀಣ್ಯದ ಮಕ್ಕಳ ತೋಳಿಗೆ ಚುಚ್ಚುತ್ತಿದ್ದರು. ನಾನು ಗೋಡಂಬಿ ಎಂದು ಬಾಯಿಬಿಟ್ಟು ಹೇಳಿದ್ದೆ. ಹೇಳಿದ ಮೇಲೂ ಸಪರೇಟಾಗಿ ಕೇಳಬೇಕಿತ್ತಂತೆ. ವರದಿಯಲ್ಲಿ ಯಾವ ಯಾವ ಬೀಜವನ್ನು ನೋಡಿದ್ದೀರೆಂದು ಯಾಕೆ ಬರೆಯುವುದಿಲ್ಲ ಎಂದು ಕೇಳಿದೆ. ಫಾರ್ಮ್ಯಾಟ್‌ನಲ್ಲಿ ಜಾಗವಿಲ್ಲ ಎಂದರು. ಇನ್ನು ಮುಂದಾದರೂ ಬರೆಯುತ್ತೀರಾ ಎಂದು ಕೇಳಿದ್ದಕ್ಕೆ, ಮಗುವಿಗೆ ಫ್ರೀಯಾಗಿ ಇನ್ನೊಂದು ಟೆಸ್ಟ್ ಮಾಡಿಕೊಡುತ್ತೇವೆ ಎಂದರು. ನಾನು ಎದ್ದು ಬಂದೆ. ಗ್ರಾಹಕರ ವೇದಿಕೆಗೆ ದೂರು ಕೊಟ್ಟೆ. ವಿಚಾರಣೆ ಮುಂದೆ ಮುಂದೆ ಹೋಯಿತು. ಕ್ಷಮೆ ಎಂಬ ಪದ ಅವರ ಕಡೆಯಿಂದ ಯಾವ ರೂಪದಲ್ಲೂ ಬರಲಿಲ್ಲ.

ಎರಡನೆಯ ಪರೀಕ್ಷೆಯನ್ನು ಆಸ್ಪತ್ರೆಯ ವೈದ್ಯೆ ಬೇರೆ ಕಡೆ ಮಾಡಿಸಿದರು, ಈ ಸಲ ಗೋಡಂಬಿಯದೂ ಅದರ ಹತ್ತಿರದ ಬಂಧುವಾದ ಪಿಸ್ತಾದ್ದೂ ಹೆಸರು ಹಿಡಿದು. ಮಗಳು ಕುರ್ಚಿಯ ಮೇಲೆ ಕೂತು ತೋಳನ್ನು ಬೆನ್ನ ಹಿಂದೆ ಅಡಗಿಸಿಟ್ಟುಕೊಂಡಳು.

"ನಾನು ಹೇಳಿದ್ನಲ್ಲ ಅಮ್ಮ. ಮತ್ತೆ ರಕ್ತ ಯಾಕೆ ಕೇಳ್ತಾರೆ?"

ವೈದ್ಯೆ ಅವಳ ಮುಂದೆ ಮಂಡಿಯೂರಿ ಕೂತರು. ನೀನು ಹೇಳಿದ್ದನ್ನು ನಾನು ನಂಬಿದ್ದೇನೆ, ನಿನ್ನ ರಕ್ತಪರೀಕ್ಷೆ ಅಲರ್ಜಿ ಇಲ್ಲವೆಂದರೂ ನಂಬುತ್ತೇನೆ, ಪಿಸ್ತಾವನ್ನೂ ದೂರ ಇಡಬೇಕೇ ಎಂದು ತಿಳಿಯಲು ಮಾತ್ರ ಇದು ಬೇಕು ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ತಿಂದಾಗ ಏನಾಯಿತೆಂಬುದೇ ಮೊದಲ ಸಾಕ್ಷಿ, ರಕ್ತ ಅದರ ಜೊತೆಗೆ ಓದಿಕೊಳ್ಳಬೇಕಾದದ್ದು ಎಂದರು. ಆರು ವರ್ಷದ ಹುಡುಗಿಗೆ ಅಷ್ಟು ಹೊತ್ತಿಗೆ ಮೊದಲ ಸಲ ದೊಡ್ಡವರೊಬ್ಬರು ನೇರ ಉತ್ತರ ಕೊಟ್ಟಿದ್ದರು. ಅವಳು ತೋಳನ್ನು ಮುಂದೆ ಚಾಚಿದಳು. ಫಲಿತಾಂಶ ಎರಡಕ್ಕೂ ಪಾಸಿಟಿವ್ ಬಂತು.

ಹೊರಡುವಾಗ ಅಡ್ರಿನಲಿನ್ನಿನ ಗಾಜಿನ ಸಣ್ಣ ಕುಪ್ಪಿಯನ್ನೂ ಸಿರಿಂಜನ್ನೂ ಕೊಟ್ಟು ಮದ್ದನ್ನು ಎಳೆದುಕೊಳ್ಳುವುದು ಹೇಗೆಂದು ತೋರಿಸಿದರು. ಬೇರೆ ದೇಶಗಳಲ್ಲಿ ತಾಯಂದಿರ ಕೈಗೆ ಪೆನ್ನಿನಂಥ ಸಿದ್ಧ ಸೂಜಿಯೊಂದು ಸಿಗುತ್ತದೆ, ಒತ್ತಿದರೆ ಸಾಕು. ಇಲ್ಲಿ ಯಾವ ಅಂಗಡಿಯಲ್ಲೂ ಅದು ಸಿಗುತ್ತಿರಲಿಲ್ಲ. ಉಸಿರುಗಟ್ಟುತ್ತಿರುವ ಮಗುವಿನ ಪಕ್ಕದಲ್ಲಿ ಕುಪ್ಪಿಯ ಕುತ್ತಿಗೆ ಮುರಿದು ಅಳತೆ ನೋಡಿ ಎಳೆದುಕೊಳ್ಳಬೇಕು. ಪರದೇಶದ ಬೀಜಗಳ ಪರೀಕ್ಷೆ ದಾಸರಹಳ್ಳಿಯವರೆಗೂ ಬಂದಿತ್ತು. ಪರದೇಶದ ಆ ಸೂಜಿ ಬಂದಿರಲಿಲ್ಲ. ಮಾರುವವರಿಗೆ ಯಾವುದು ಲಾಭವೋ ಅದು ಗಡಿ ದಾಟುತ್ತದೆ.

ಶಾಲೆಯಲ್ಲಿ ಪೋಷಕರ ಸಭೆ ಸೇರಿತು. ದೊಡ್ಡಕ್ಕ ಎಲ್ಲರ ಮುಂದೆ ನಿಂತು ತಪ್ಪು ತನ್ನದೆಂದು ಹೇಳಿದರು, ದನಿ ಒಡೆಯದೆ, ನೆಪ ಸೇರಿಸದೆ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬಡಾವಣೆಯ ಒಬ್ಬರು ಪೋಷಕರು ಸದುದ್ದೇಶದಿಂದಲೇ ಎದ್ದು, ಮಗುವಿನ ಕ್ಷೇಮಕ್ಕಾಗಿ ಪಾಯಸದ ದಿನಗಳಲ್ಲಿ ಅವಳನ್ನು ಆಫೀಸು ಕೋಣೆಯಲ್ಲಿ ಬೇರೆ ಕೂರಿಸಬಹುದಲ್ಲ ಎಂದರು. ಹಲವರು ತಲೆಯಾಡಿಸಿದರು. ದೊಡ್ಡಕ್ಕ ಕೂಡ ಸುಮ್ಮನಿದ್ದರು. ಆಸ್ಪತ್ರೆಯ ಆ ಮಧ್ಯಾಹ್ನ ಅವರನ್ನು ಅಷ್ಟು ಹೆದರಿಸಿತ್ತು.

ನಾನು ಎದ್ದೆ. ಬೇರೆ ಪಂಕ್ತಿ ಎಂಬುದನ್ನು ಒಡೆಯಲೆಂದೇ ಕಟ್ಟಿದ ಗೋದಾಮಿನಲ್ಲಿ ಒಂದು ಮಗುವಿಗೆ ಬೇರೆ ಪಂಕ್ತಿ ಹಾಕುವ ಮಾತನ್ನು ಇಷ್ಟು ಸುಲಭವಾಗಿ ಆಡುತ್ತಿದ್ದೀರಿ ಎಂದೆ. ಇಂದು ಕಾಯಿಲೆಗೆ ಹಾಕಿದ ಗೋಡೆ ನಾಳೆ ಯಾವುದಕ್ಕೆ ಉಪಯೋಗವಾಗುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು ಎಂದೆ. ಕೊನೆಗೆ, ನನಗೇ ಗೊತ್ತಿಲ್ಲದಂತೆ ದನಿ ತಗ್ಗಿತು.

"ಪಂಕ್ತಿಯಿಂದ ಏಳಬೇಕಾದ್ದು ಗೋಡಂಬಿ. ನನ್ನ ಮಗಳು ಏಳಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು, ಒಂದು ಮಗುವಿಗೋಸ್ಕರ ಮಿಕ್ಕ ಮಕ್ಕಳೆಲ್ಲ ಯಾಕೆ ಬಿಡಬೇಕೆಂದು ಗೊಣಗಿದರು. ಗೋಡಂಬಿ ಇಲ್ಲದ ಪಾಯಸವನ್ನು ತಮ್ಮ ಕಡೆ ಎಲ್ಲರೂ ತಲೆತಲಾಂತರದಿಂದ ಉಂಡಿದ್ದಾರೆ, ಯಾರೂ ಸತ್ತಿಲ್ಲ ಎಂದು ಯಾದಗಿರಿ ಕಡೆಯ ತಂದೆಯೊಬ್ಬರು ಅಂದರು. ಸಭೆ ನಕ್ಕಿತು. ಆ ನಗೆಯಲ್ಲಿ ನಿರ್ಧಾರವೂ ಆಗಿಹೋಯಿತು: ಶಾಲೆಯ ಅಡುಗೆಮನೆಗೆ ಇನ್ನು ಗೋಡಂಬಿ, ಪಿಸ್ತಾ ಬರುವುದಿಲ್ಲ. ದೊಡ್ಡಕ್ಕನೂ ಶಿಕ್ಷಕಿಯರೂ ಮೋಸಂಬಿಗೆ ಸೂಜಿ ಚುಚ್ಚಿ ಚುಚ್ಚಿ ಮದ್ದು ಹಾಕುವುದನ್ನು ಕಲಿತರು.

ಮಗಳು ಮರಳಿ ಶಾಲೆಗೆ ಹೋದ ವಾರದಲ್ಲೇ ಇನ್ನೊಂದು ಮಗುವಿನ ಹುಟ್ಟುಹಬ್ಬ ಬಂತು. ಅಂದು ಬಡಿಸುವ ಸರದಿ ನನ್ನದೂ ಆಗಿತ್ತು. ಅವಳು ತನ್ನ ಜಾಗದಲ್ಲಿ, ಗೆಳತಿಯರ ನಡುವೆ, ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಪಾಯಸದ ಪಾತ್ರೆ ಹಿಡಿದು ದೊಡ್ಡಕ್ಕನೇ ಅವಳ ಮುಂದೆ ಬಗ್ಗಿದರು.

"ಗೋಡಂಬಿ ಹಾಕಿಲ್ಲ ಕಂದ. ತಿನ್ನು."

ಮಗಳು ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

"ತಿನ್ನು ಅನ್ಬೇಡಿ ದೊಡ್ಡಕ್ಕ. ಏನೇನ್ ಹಾಕಿದೀರ ಅಂತ ಹೇಳಿ."

ದೊಡ್ಡಕ್ಕ ಬಗ್ಗಿದ್ದವರು ನೆಟ್ಟಗಾಗಿ ಅಡುಗೆಮನೆಯ ಕಡೆ ನೋಡಿದರು. ಅಡುಗೆಯ ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಮಗುವಿನ ಮುಖವನ್ನೇ ನೋಡುತ್ತ ಒಂದೊಂದಾಗಿ ಹೇಳಿದರು: ಹೆಸರುಬೇಳೆ, ಬೆಲ್ಲ, ಕಾಯಿಹಾಲು, ಏಲಕ್ಕಿ, ಒಂಚೂರು ಒಣಶುಂಠಿ. ತುಪ್ಪ ಹಾಕಿಲ್ಲ, ಅದು ತೀರಿದೆ. ಮಗಳು ಪ್ರತಿಯೊಂದಕ್ಕೂ ತಲೆಯಾಡಿಸಿ ಕೇಳಿಸಿಕೊಂಡಳು. ಬಹಳ ಯೋಚಿಸಿದಳು. ಅಂಗೈಯನ್ನು ಮಾತ್ರ ತೆಗೆಯಲಿಲ್ಲ.

"ಇನ್ನೊಂದ್ ಸಲ ಮಾಡ್ದಾಗ ತಿಂತೀನಿ," ಎಂದಳು.

ಒಂದೇ ಒಂದು ಚಮಚ ಎಂದು ಯಾರೂ ಅನ್ನಲಿಲ್ಲ. ಆಗಲಿ ಎಂದರು ಅಡುಗೆಯ ಅಕ್ಕ. ದೊಡ್ಡಕ್ಕ ಪಾತ್ರೆಯನ್ನು ಎತ್ತಿಕೊಂಡು ಪಕ್ಕದ ಮಗುವಿಗೆ ಬಡಿಸಲು ಸರಿದರು. ನಾನು ಮಗಳ ಅನ್ನಕ್ಕೆ ಮಜ್ಜಿಗೆ ಹಾಕಿದೆ. ಅವಳು ಪಂಕ್ತಿಯಲ್ಲೇ ಕೂತು, ನಿಧಾನವಾಗಿ ಕಲಸಿಕೊಂಡು ಉಂಡಳು.